ರೈಲಿಗೊಂದು ಸೆಟ್ಟಿಂಗ್, ದಾರಿಯ ದೃಶ್ಯಕ್ಕೊಂದು

ರೈಲು ಯಾವ ಹಳಿಯಲ್ಲಿ ಬರುತ್ತದೆ, ಎಷ್ಟು ಹೊತ್ತಿಗೆ ಬರುತ್ತದೆ ಎಂಬುದು ಹೆಚ್ಚುಕಮ್ಮಿ ಗೊತ್ತಿರುತ್ತದೆ. ಚೀಲಕ್ಕೆ ತಲೆಕೊಟ್ಟು ನಿದ್ದೆಹೋದ ಪ್ರಯಾಣಿಕ, ಕಿಟಕಿಯಿಂದ ಇಣುಕುವ ಮಗು ಮಾತ್ರ ಮೊದಲೇ ತಿಳಿಸಿ ಸಿಗುವುದಿಲ್ಲ. ಎರಡಕ್ಕೂ ಒಂದೇ ಸೆಟ್ಟಿಂಗ್ ಸಾಲದು. ಕ್ಯಾಮೆರಾದ ಡಯಲ್‌ನಲ್ಲಿ ಸಿ1, ಸಿ2 (ನಿಮ್ಮದೇ ಸೆಟ್ಟಿಂಗ್‌ಗಳನ್ನು ಉಳಿಸಿಡುವ ಜಾಗಗಳು) ಇದ್ದರೆ ಹೊರಡುವ ಮೊದಲೇ ಒಂದನ್ನು ರೈಲಿಗೆ, ಇನ್ನೊಂದನ್ನು ದಾರಿಯ ದೃಶ್ಯಗಳಿಗೆ ಹೊಂದಿಸಿಡಿ.

ಸಿ1: ಓಡುವ ರೈಲು

ಗಂಟೆಗೆ 100 ಕಿ.ಮೀ. ವೇಗದ ರೈಲು ಸೆಕೆಂಡಿಗೆ ಸುಮಾರು 28 ಮೀಟರ್ ಸಾಗುತ್ತದೆ. ಶಟರ್ 1/250 ಸೆಕೆಂಡ್ ತೆರೆದಿದ್ದರೆ ಅಷ್ಟರಲ್ಲೇ 11 ಸೆಂ.ಮೀ. ಮುಂದೆ ಹೋಗಿರುತ್ತದೆ, ಪಕ್ಕದಿಂದ ತೆಗೆದರೆ ಎಂಜಿನ್ ಮೇಲಿನ ಸಂಖ್ಯೆ ಕಲಸಿಹೋಗುತ್ತದೆ. 1/1000ಕ್ಕೆ ಇಡಿ. ರೈಲು ಓರೆಯಾಗಿ ನಿಮ್ಮತ್ತ ಬರುತ್ತಿದ್ದರೆ 1/500 ಸಾಕಾಗುವುದುಂಟು. ಅಪರ್ಚರ್ (ಲೆನ್ಸಿನಲ್ಲಿ ಬೆಳಕು ಒಳಬರುವ ಕಿಂಡಿ) ಎಫ್/5.6. ಒಳ್ಳೆಯ ಬಿಸಿಲಿಗೆ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 100–200 ಸಾಕು, ದಟ್ಟ ಮೋಡವಿದ್ದರೆ 800–1000ಕ್ಕೆ ಏರಿಸಬೇಕು.

ಎಕ್ಸ್‌ಪೋಷರನ್ನು, ಅಂದರೆ ಎಷ್ಟು ಬೆಳಕು ಬೇಕೆಂಬ ಲೆಕ್ಕವನ್ನು, ಕ್ಯಾಮೆರಾಕ್ಕೇ ಬಿಡಬೇಡಿ. ಹೆಡ್‌ಲೈಟ್ ಕಂಡ ಕೂಡಲೇ ಬೆಳಕು ಅಳೆಯುವ ಮೀಟರ್ ಮೋಸಹೋಗಿ ಚಿತ್ರವನ್ನೆಲ್ಲ ಕಪ್ಪಾಗಿಸುತ್ತದೆ. ಹಳಿ ಖಾಲಿಯಿರುವಾಗಲೇ ಮ್ಯಾನುಯಲ್ ಮೋಡ್‌ನಲ್ಲಿ ಬೆಳಕು ಅಳೆದು ಗಟ್ಟಿಮಾಡಿಕೊಳ್ಳಿ. ಮೆಕ್ಯಾನಿಕಲ್ ಶಟರ್ ಇದ್ದರೆ ಅದನ್ನೇ ಬಳಸಿ. ಎಲೆಕ್ಟ್ರಾನಿಕ್ ಶಟರ್ ಚಿತ್ರವನ್ನು ಸಾಲುಸಾಲಾಗಿ ದಾಖಲಿಸುವುದರಿಂದ ಹೆಚ್ಚಿನ ಕ್ಯಾಮೆರಾಗಳಲ್ಲಿ ವೇಗದ ಬೋಗಿ ವಾಲಿದಂತೆ ಕಾಣುತ್ತದೆ.

ಸೂರ್ಯ ಬೆನ್ನ ಹಿಂದೆ, ಸ್ವಲ್ಪ ಓರೆಯಾಗಿರಲಿ. ಆಗ ಎಂಜಿನ್‌ನ ಮುಖಕ್ಕೂ ಪಕ್ಕಕ್ಕೂ ಬೆಳಕು ಬೀಳುತ್ತದೆ. ನಿಂತ ಜಾಗದಿಂದ ಖಾಲಿ ಹಳಿಯದೊಂದು ಚಿತ್ರ ತೆಗೆದು ನೋಡಿ. ವಿದ್ಯುತ್ ಕಂಬ ಎಲ್ಲಿ ಅಡ್ಡ ಬರುತ್ತದೆಂದು ಅದರಲ್ಲೇ ತಿಳಿಯುತ್ತದೆ, ಒಂದು ಹೆಜ್ಜೆ ಸರಿದರೆ ಎಷ್ಟೋ ಸಲ ಸರಿಹೋಗುತ್ತದೆ. ಎಂಜಿನ್ ಮುಖ ಎಲ್ಲಿ ಬರಬೇಕೋ ಆ ಜಾಗಕ್ಕೆ ಫೋಕಸ್ ಮಾಡಿ ಲಾಕ್ ಮಾಡಿ. ಅದು ಅಲ್ಲಿಗೆ ಬರುವ ಮುನ್ನವೇ ಗುಂಡಿ ಒತ್ತಿ ನಾಲ್ಕೈದು ಫ್ರೇಮ್ ಬರ್ಸ್ಟ್‌ನಲ್ಲಿ (ಬಿಡುವಿಲ್ಲದೆ ಒಂದರ ಹಿಂದೊಂದು) ತೆಗೆಯಿರಿ.

ಮಧ್ಯಾಹ್ನ ಉದ್ದ ಲೆನ್ಸ್‌ನಲ್ಲಿ ದೂರದ ರೈಲು ನೀರಿನಲ್ಲಿ ಅಲುಗಿದಂತೆ ಬಂದರೆ ಲೆನ್ಸ್ ಬೈಯಬೇಡಿ. ಅದು ಜಲ್ಲಿಯಿಂದ ಏಳುವ ಬಿಸಿಗಾಳಿಯ ಕೆಲಸ. ರೈಲು ಹತ್ತಿರ ಬರುವವರೆಗೆ ಕಾಯುವುದೊಂದೇ ದಾರಿ.

ವೇಗ ಕಾಣಬೇಕೆಂದರೆ ಪ್ಯಾನಿಂಗ್ ಮಾಡಿ, ಅಂದರೆ ರೈಲಿನೊಂದಿಗೇ ಕ್ಯಾಮೆರಾ ತಿರುಗಿಸುತ್ತ ತೆಗೆಯಿರಿ. ಶಟರ್ 1/60ರಿಂದ ಶುರುಮಾಡಿ, ಕೈ ಪಳಗಿದ ಮೇಲೆ 1/30ಕ್ಕೆ ಇಳಿಸಿ. ಕಾಲು ಊರಿ ಸೊಂಟದಿಂದ ತಿರುಗಿ. ಗುಂಡಿ ಒತ್ತಿದ ಮೇಲೂ ತಿರುಗುತ್ತಲೇ ಇರಿ. ಒತ್ತಿದೊಡನೆ ಕೈ ನಿಲ್ಲಿಸಿದರೆ ಕೆಟ್ಟಿತು. ಪಳಗಿದವರಿಗೂ ಇದರಲ್ಲಿ ಬಹುಪಾಲು ಅಳಿಸುವ ಚಿತ್ರಗಳೇ.

ಫ್ಲ್ಯಾಶ್ ಬೇಡವೇ ಬೇಡ, ಚಾಲಕರ ಕಣ್ಣು ಕೋರೈಸುತ್ತದೆ. ಬೋಗಿಯ ಅಗಲ ಹಳಿಗಿಂತ ಆಚೆಗೂ ಚಾಚಿರುತ್ತದೆ. ವಿದ್ಯುತ್ ರೈಲಿನ ಸದ್ದು ತೀರಾ ಹತ್ತಿರ ಬರುವತನಕ ಕೇಳಿಸದಿರಬಹುದು. ವ್ಯೂಫೈಂಡರ್‌ನಲ್ಲಿ ಕಣ್ಣಿಟ್ಟವರಿಗೆ ದೂರದ ಅಂದಾಜು ತಪ್ಪುತ್ತದೆ. ಪ್ಲಾಟ್‌ಫಾರ್ಮಿನ ಗೆರೆಯ ಹಿಂದೆಯೇ ನಿಲ್ಲಿ. ಸೆಲ್ಫಿ ಕೋಲು, ಟ್ರೈಪಾಡ್ ಮೇಲೆತ್ತಬೇಡಿ: 25,000 ವೋಲ್ಟ್ ತಂತಿಯಿಂದ ಮುಟ್ಟದೆಯೂ ವಿದ್ಯುತ್ ಹಾರಬಹುದು.

ಸಿ2: ದಾರಿಯ ದೃಶ್ಯ

ಇಲ್ಲಿ ಫೋಕಸ್ ಹುಡುಕುತ್ತ ಕೂತರೆ ಕ್ಷಣ ಕಳೆದಿರುತ್ತದೆ. ಫುಲ್‌ಫ್ರೇಮ್ (ಹಳೆಯ ಫಿಲ್ಮ್ ಫ್ರೇಮಿನಷ್ಟೇ ದೊಡ್ಡ ಸೆನ್ಸರಿನ) ಕ್ಯಾಮೆರಾಕ್ಕೆ 35 ಎಂ.ಎಂ. ಲೆನ್ಸ್ ಹಾಕಿ, ಎಫ್/8ಕ್ಕೆ ಇಟ್ಟು, ಮ್ಯಾನುಯಲ್ ಫೋಕಸನ್ನು 3 ಮೀಟರಿಗೆ ನಿಲ್ಲಿಸಿ. ಸುಮಾರು 2ರಿಂದ 7 ಮೀಟರಿನವರೆಗೆ ಇರುವುದೆಲ್ಲ ಸಾಕಷ್ಟು ಸ್ಪಷ್ಟವಾಗಿ ಬರುತ್ತದೆ. ಐಎಸ್‌ಒ ಆಟೊ, ಮಿತಿ 6400, ಕನಿಷ್ಠ ಶಟರ್ 1/250. ನೆರಳಿನಲ್ಲಿ ಚಿತ್ರ ಕೊಂಚ ಕಾಳುಕಾಳಾದರೂ ಚಿಂತೆಯಿಲ್ಲ, ಅಲುಗಿದ ಮುಖಕ್ಕಿಂತ ಅದೇ ಮೇಲು.

ಆಮೇಲಿನದು ಜಾಗದ ಆಯ್ಕೆ. ಜನರ ಹಿಂದೆ ಓಡುವ ಬದಲು ಒಳ್ಳೆಯ ಬೆಳಕಿರುವ ಮೆಟ್ಟಿಲು, ಕಂಬದ ನೆರಳು, ಸೇತುವೆಯ ಕಟಕಟೆ ಕಂಡಲ್ಲಿ ನಿಂತು ಅದರೊಳಗೆ ಯಾರಾದರೂ ಬರಲೆಂದು ಕಾಯಿರಿ. ರೈಲು ತಡವಾದಷ್ಟೂ ಒಳ್ಳೆಯದು. ಯಾರಾದರೂ ಬೇಡವೆಂದು ಕೈಯಾಡಿಸಿದರೆ ಅಲ್ಲಿಗೇ ಬಿಡಿ, ತೆಗೆದಾಗಿದ್ದರೆ ಅಳಿಸಿ.

ಮೊಬೈಲ್ ಬಳಸುವವರು ನೈಟ್ ಮೋಡ್ ಆಫ್ ಮಾಡಿಡಬೇಕು. ಅದು ಹಲವು ಫ್ರೇಮ್‌ಗಳನ್ನು ಬೆಸೆಯುವುದರಿಂದ ನಡೆಯುವವರಿಗೆ ನೆರಳಿನಂಥ ಇನ್ನೊಂದು ಮೈ ಮೂಡುತ್ತದೆ.

ಬೋಗಿಯೊಳಗಿನಿಂದ ತೆಗೆಯುವಾಗ ಲೆನ್ಸನ್ನು ಗಾಜಿಗೆ ಒತ್ತಬೇಡಿ, ನಡುಕ ಅದಕ್ಕೂ ಬರುತ್ತದೆ. ಒಂದು ಬೆರಳಿನಷ್ಟು ಬಿಟ್ಟು, ಸುತ್ತ ಕಪ್ಪು ಬಟ್ಟೆ ಹಿಡಿದರೆ ಒಳಗಿನ ದೀಪದ ಪ್ರತಿಬಿಂಬ ಮರೆಯಾಗುತ್ತದೆ. ಪ್ರತಿಫಲನ ತಗ್ಗಿಸುವ ಪೋಲರೈಸರ್ ಫಿಲ್ಟರ್ ಇದ್ದರೆ ತೆಗೆದಿಡಿ. ಗಟ್ಟಿಗೊಳಿಸಿದ ಗಾಜಿನ ಮೇಲೆ ಅದು ಕಾಮನಬಿಲ್ಲಿನ ಕಲೆಗಳನ್ನು ಎಬ್ಬಿಸುತ್ತದೆ.