ತಪ್ಪಿದ ಪ್ರಶ್ನೆಯನ್ನೇ ಮತ್ತೆ ಮತ್ತೆ ಕೇಳಿದೆ

"ಪುಕ್ಕಟೆ ಸಿಗೋದ್ರಲ್ಲಿ ಇದೆಲ್ಲ ಆಗಲ್ಲ. ಮಕ್ಕಳು ಎರಡು ದಿನ ತುಂಬ್ತಾರೆ, ಮೂರನೇ ದಿನ ಬಿಡ್ತಾರೆ" ಅಂತ ಸ್ಟಾಫ್‌ರೂಮಿನಲ್ಲಿ ಎಲ್ಲರೂ ಹೇಳಿದ್ದರು, ಮಕ್ಕಳಿಗೆ ದಿನಾ ಫೋನ್‌ನಲ್ಲಿ ಒಂದು ಚಿಕ್ಕ ಕ್ವಿಜ್ ಕೊಡುತ್ತೇನೆ ಅಂದಾಗ. ಈಗ ಎಂಟು ತಿಂಗಳಾಯಿತು. ಸುಮಾರು 40 ಮಕ್ಕಳಲ್ಲಿ ದಿನಕ್ಕೆ 33–34 ಮಂದಿ ತುಂಬುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಮಾಡುವುದು ಇಷ್ಟೇ. ಆನ್‌ಲೈನಲ್ಲಿ ಪ್ರಶ್ನೆ ಕೇಳಿ ಉತ್ತರ ಪಡೆಯುವ ಗೂಗಲ್ ಫಾರ್ಮ್ಸ್‌ನಲ್ಲಿ ದಿನಕ್ಕೆ ಐದು ಪ್ರಶ್ನೆ. ಮೂರು ಅವತ್ತಿನ ಪಾಠದ್ದು, ಎರಡು ಹಳೆಯದು. ಹಳೆಯದು ಯಾವುದು ಅಂತ ನಾನು ಆರಿಸುವುದಿಲ್ಲ, ಉತ್ತರಗಳು ಬಂದು ಸೇರುವ ಸ್ಪ್ರೆಡ್‌ಶೀಟ್ ಹೇಳುತ್ತದೆ. ಜಾಸ್ತಿ ಮಕ್ಕಳು ತಪ್ಪಿದ ಪ್ರಶ್ನೆ 3ನೇ ದಿನ, 7ನೇ ದಿನ, ಮತ್ತೆ 21ನೇ ದಿನ ತಿರುಗಿ ಬರುತ್ತದೆ.

ಇಲ್ಲಿಗೆ ಬರುವ ಮೊದಲು ದುಡ್ಡು ಕಳೆದುಕೊಂಡಿದ್ದೇನೆ. ಒಂದು ಕ್ವಿಜ್ ಆ್ಯಪ್‌ಗೆ ಕೈಯಿಂದ ಇಡೀ ವರ್ಷದ ಚಂದಾ ಕಟ್ಟಿದೆ, ಬಳಸಿದ್ದು ಆರು ವಾರ. ಮಕ್ಕಳ ಉತ್ತರಗಳನ್ನು ಹೊರಗೆ ತೆಗೆಯಬೇಕು ಅಂದರೆ ಇನ್ನೂ ದುಬಾರಿ ಪ್ಲಾನ್ ತಗೊಳ್ಳಬೇಕಿತ್ತು. ಆಮೇಲೆ ನೆಚ್ಚಿಕೊಂಡಿದ್ದ ಒಂದು ಆನ್‌ಲೈನ್ ವೈಟ್‌ಬೋರ್ಡ್ ಸೇವೆಯೇ ನಿಂತುಹೋಯಿತು. ಮೂರು ರಾತ್ರಿ ಕೂತು ವರ್ಷದ ಬೋರ್ಡ್‌ಗಳನ್ನೆಲ್ಲ ಪಿಡಿಎಫ್ ಮಾಡಿದೆ. ಅವತ್ತಿನಿಂದ, ನಾನು ಹಾಕಿದ್ದನ್ನು ಸಲೀಸಾಗಿ ವಾಪಸ್ ಕೊಡದ ಯಾವುದನ್ನೂ ತರಗತಿಗೆ ತಂದಿಲ್ಲ.

ಫಾರ್ಮ್ ಕೂಡ ಮೊದಲ ತಿಂಗಳು ಕೈಕೊಟ್ಟಿತು. ಒಬ್ಬರಿಗೆ ಒಂದೇ ಉತ್ತರ ಅನ್ನುವ ಸೆಟ್ಟಿಂಗ್ ಹಾಕಿದ್ದೆ. ಅದು ಲಾಗಿನ್ ಕೇಳುತ್ತದೆ. ಅಣ್ಣ ತಂಗಿ ಒಂದೇ ಫೋನ್ ಹಿಡಿದಿರುವ ಮನೆಯಲ್ಲಿ ಅದು ಆಗುವ ಮಾತಾ? ತೆಗೆದುಹಾಕಿದೆ. ಹೆಸರನ್ನು ಟೈಪ್ ಮಾಡಿಸಿದ್ದು ಇನ್ನೊಂದು ತಪ್ಪು. ಒಂದೇ ಹುಡುಗಿ ಶೀಟ್‌ನಲ್ಲಿ ನಾಲ್ಕು ಹುಡುಗಿಯರಾದಳು! ಈಗ ಡ್ರಾಪ್‌ಡೌನ್‌ನಲ್ಲಿ ಕ್ರಮಸಂಖ್ಯೆ ಮಾತ್ರ.

ಉತ್ತರ ಬೀಳುವ ಶೀಟ್‌ನ ಪಕ್ಕದ ಕಾಲಂನಲ್ಲೇ ಫಾರ್ಮುಲಾ ಎಳೆದಿದ್ದರಿಂದಲೂ ಒದ್ದಾಡಿದೆ. ಹೊಸ ಉತ್ತರ ಹೊಸ ಸಾಲಾಗಿ ಸೇರಿಕೊಳ್ಳುತ್ತದೆ, ಫಾರ್ಮುಲಾ ಅಲ್ಲಿಗೆ ಇಳಿಯುವುದಿಲ್ಲ. ಲೆಕ್ಕವನ್ನೆಲ್ಲ ಬೇರೆ ಟ್ಯಾಬ್‌ಗೆ ಒಯ್ದ ಮೇಲೆ ಸರಿಹೋಯಿತು. ಪ್ರಶ್ನೆ ಆರಿಸಿ ಕೊಡುವ ಆ ಒಂದು ಫಾರ್ಮುಲಾ ಮಾತ್ರ ಇಲ್ಲಿ ಹಾಕುವುದಿಲ್ಲ, ಅದಕ್ಕೆ ಎರಡು ತಿಂಗಳು ತಲೆ ಕೆಡಿಸಿಕೊಂಡಿದ್ದೇನೆ. ಷರತ್ತಿಗೆ ಹೊಂದುವ ಸಾಲುಗಳನ್ನು ಎಣಿಸುವ ಕೌಂಟ್‌ಇಫ್ಸ್ ಫಾರ್ಮುಲಾ ಗೊತ್ತಿದ್ದವರಿಗೆ ದಾರಿ ಸಿಗುತ್ತದೆ.

ಒಂದು ಪ್ರಶ್ನೆಯ ಕಥೆ ಹೇಳಲೇಬೇಕು. 0.5 ಮತ್ತು 0.45, ಯಾವುದು ದೊಡ್ಡದು? ಮೊದಲ ದಿನ 20ಕ್ಕೂ ಹೆಚ್ಚು ಮಕ್ಕಳು 0.45 ಒತ್ತಿದರು. 5ಕ್ಕಿಂತ 45 ದೊಡ್ಡದು ಅಲ್ವಾ, ಹಾಗೆ. ಫಾರ್ಮ್‌ನ ಕ್ವಿಜ್ ಮೋಡ್‌ನಲ್ಲಿ ತಪ್ಪು ಉತ್ತರಕ್ಕೆ ಬೇರೆಯೇ ಟಿಪ್ಪಣಿ ಹಾಕಬಹುದು, ಲಿಂಕ್ ಕೂಡ. ಅಲ್ಲಿ "0.5 ಅಂದರೆ 0.50" ಅಂತ ಬರೆದು, ನಾನೇ ಮಾತಾಡಿದ ಒಂದು ನಿಮಿಷದ ವಿಡಿಯೋ ಅಂಟಿಸಿದೆ. 3ನೇ ದಿನ ತಪ್ಪಿದವರು ಹನ್ನೆರಡೋ ಹದಿಮೂರೋ ಮಂದಿ. 7ನೇ ದಿನ ಆರು. 21ನೇ ದಿನ ಸಂಖ್ಯೆ ಬದಲಿಸಿ 0.7, 0.68 ಕೊಟ್ಟೆ, ಇಬ್ಬರೇ ತಪ್ಪಿದರು. ಆ ಶೀಟ್ ನೋಡಿ ನಿಜಕ್ಕೂ ಕಣ್ಣು ತುಂಬಿತು.

ಮಧ್ಯೆ ನನ್ನ ಓದಿಗೂ ಇದೇ ರೀತಿ ಪ್ರಯತ್ನಿಸಿದೆ, ಆಂಕಿ ಅನ್ನುವ ಆ್ಯಪ್‌ನಲ್ಲಿ. ಪ್ರಶ್ನೆ-ಉತ್ತರದ ಕಾರ್ಡ್‌ಗಳನ್ನು ದಿನ ಬಿಟ್ಟು ದಿನ ಬಿಟ್ಟು ತಿರುಗಿ ತೋರಿಸುತ್ತದೆ. ಕಂಪ್ಯೂಟರ್, ಆಂಡ್ರಾಯ್ಡ್ ಎರಡರಲ್ಲೂ ಪುಕ್ಕಟೆ, ಐಫೋನ್‌ಗೆ ಮಾತ್ರ ದುಡ್ಡು. 2023ರಲ್ಲಿ ಅದರೊಳಗೇ ಬಂದ ಎಫ್‌ಎಸ್‌ಆರ್‌ಎಸ್ (ಯಾವ ಕಾರ್ಡ್ ಯಾವಾಗ ತೋರಿಸಬೇಕು ಅಂತ ಲೆಕ್ಕ ಹಾಕುವ ಹೊಸ ವಿಧಾನ) ಆನ್ ಮಾಡಿದ ಮೇಲೆ ದಿನದ ಕಾರ್ಡ್‌ಗಳು ನನಗೆ ಕಾಲು ಭಾಗ ಕಡಿಮೆಯಾದವು. ಟೈಮರ್ ಇಟ್ಟು ಕೆಲಸ ಮಾಡಿ ಸ್ವಲ್ಪ ಬಿಡುವು ತಗೊಳ್ಳುವ ಪೊಮೊಡೊರೊ ವಿಧಾನದ 25 ನಿಮಿಷ ಮಾತ್ರ ಒಗ್ಗಲಿಲ್ಲ. ಉತ್ತರಪತ್ರಿಕೆ ತಿದ್ದುವಾಗ ಕೈ ಹಿಡಿತಕ್ಕೆ ಬರುವಷ್ಟರಲ್ಲಿ ಗಂಟೆ ಹೊಡೆಯುತ್ತದೆ. 40 ನಿಮಿಷ ಇಟ್ಟುಕೊಂಡಿದ್ದೇನೆ.

ಈಗ ಪ್ರಶ್ನೆ ಬರೆಯುವ ಕೆಲಸವನ್ನೂ ಮಕ್ಕಳಿಗೇ ಕೊಟ್ಟು ನೋಡುತ್ತಿದ್ದೇನೆ. ಇನ್ನೊಂದು ಫಾರ್ಮ್, ವಾರಕ್ಕೆ ತಲಾ ಒಂದು ಪ್ರಶ್ನೆ. ಹೋದ ವಾರ ಬಂದ ಮೂವತ್ತರಲ್ಲಿ ಒಂಬತ್ತು ಪ್ರಶ್ನೆಗಳನ್ನು ಒಂದಕ್ಷರವೂ ತಿದ್ದದೆ ಬಳಸಿದೆ.