ಮಗುವಿಗೆ ಕೆಂಗಣ್ಣು ಬಂದರೆ ಮೊದಲು ಟವೆಲ್ ಎಣಿಸಿ

ಮಳೆ ಹಿಡಿದು ಶಾಲೆ ಶುರುವಾಯಿತೆಂದರೆ ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಕಟ್ಟಡದಲ್ಲಿ ಯಾವುದಾದರೊಂದು ಮಗುವಿನ ಕಣ್ಣು ಕೆಂಪಾಗುತ್ತದೆ. ಮಕ್ಕಳ ವಾರ್ಡಿನಲ್ಲಿ ನರ್ಸ್ ಆಗಿದ್ದು ನಿವೃತ್ತಳಾದವಳು ನಾನು, ಹಾಗಾಗಿ ತಾಯಂದಿರು ನೇರವಾಗಿ ನನ್ನ ಬಾಗಿಲು ತಟ್ಟುತ್ತಾರೆ. ಅವರು ಕೇಳುವುದು ಯಾವ ಡ್ರಾಪ್ಸ್ ಹಾಕಬೇಕೆಂದು. ನಾನು ಕೇಳುವುದು ಮನೆಯಲ್ಲಿ ಎಷ್ಟು ಟವೆಲ್ ಇವೆ ಎಂದು.

ಹೀಗೆ ಕೇಳುವುದಕ್ಕೆ ಕಾರಣವಿದೆ. ಮಳೆಗಾಲದಲ್ಲಿ ಮನೆಯಿಂದ ಮನೆಗೆ ಹಬ್ಬುವ ಕೆಂಗಣ್ಣು ಬಹುಪಾಲು ವೈರಸ್ಸಿನದು. ಅದನ್ನು ಕೊಲ್ಲುವ ಡ್ರಾಪ್ಸ್ ಮೆಡಿಕಲ್ ಅಂಗಡಿಯಲ್ಲಿ ಸಿಗುವುದಿಲ್ಲ. ಒಂದೆರಡು ವಾರ ಇದ್ದು ತಾನಾಗಿ ಹೋಗುತ್ತದೆ. ಅಷ್ಟರಲ್ಲಿ ಉಳಿದವರಿಗೆ ಅಂಟದಂತೆ ನೋಡಿಕೊಳ್ಳುವುದೇ ನಮ್ಮ ಕೈಯಲ್ಲಿರುವ ಕೆಲಸ. 2023ರ ಜುಲೈನಲ್ಲಿ ಪುಣೆ ಹತ್ತಿರದ ಆಳಂದಿಯಲ್ಲಿ ಇದು ಸಾವಿರಾರು ಜನರಿಗೆ ಹರಡಿತ್ತು, ಅವರಲ್ಲಿ ಶಾಲಾ ಮಕ್ಕಳು ಬಹಳ.

ಮೊದಲು ಕಣ್ಣನ್ನು ಬೆಳಕಿನಲ್ಲಿ ಸರಿಯಾಗಿ ನೋಡಿ. ನೀರು ಸುರಿಯುತ್ತಿದ್ದು, ಒಂದು ಕಣ್ಣಿನಲ್ಲಿ ಶುರುವಾಗಿ ಇನ್ನೊಂದಕ್ಕೂ ದಾಟಿ, ಜೊತೆಗೆ ನೆಗಡಿಯೋ ಗಂಟಲು ನೋವೋ ಇದ್ದರೆ ವೈರಸ್ ಎಂದು ಅನುಮಾನಿಸಿ. ಕಿವಿಯ ಮುಂಭಾಗದಲ್ಲಿ ಬೆರಳಾಡಿಸಿದಾಗ ಮುಟ್ಟಿದರೆ ನೋಯುವ ಸಣ್ಣ ಗಂಟು ಸಿಕ್ಕಿದರೆ ಅನುಮಾನ ಗಟ್ಟಿಯಾಗುತ್ತದೆ. ಹಳದಿ ಅಥವಾ ಹಸಿರು ಬಣ್ಣದ ದಪ್ಪ ಗೀಜು ಒರೆಸಿದಷ್ಟೂ ಬರುತ್ತಿದ್ದರೆ ಬ್ಯಾಕ್ಟೀರಿಯಾ ಇರಬಹುದು. ಆಗ ವೈದ್ಯರು ಆಂಟಿಬಯೋಟಿಕ್ ಡ್ರಾಪ್ಸ್ ಬರೆದುಕೊಡುತ್ತಾರೆ. ಎರಡೂ ಕಣ್ಣು ತುರಿಸುತ್ತಾ, ಮಗು ಉಜ್ಜುತ್ತಲೇ ಇದ್ದರೆ ಅಲರ್ಜಿ ಇದ್ದೀತು. ಅದು ಅಂಟುವುದಿಲ್ಲ. ಆದರೆ ಹೊರಗಿನಿಂದ ನೋಡಿ ಖಚಿತವಾಗಿ ಹೇಳುವುದು ನುರಿತವರಿಗೂ ಕಷ್ಟ, ಹಾಗಾಗಿ ಒಮ್ಮೆ ವೈದ್ಯರಿಗೆ ತೋರಿಸಿ.

ಬೆಳಗ್ಗೆ ರೆಪ್ಪೆಗಳು ಅಂಟಿಕೊಂಡಿರುತ್ತವೆ, ಮಗು ಹೆದರಿ ಅಳುತ್ತದೆ. ಎಳೆಯಬೇಡಿ. ಕುದಿಸಿ ಆರಿಸಿದ ನೀರಿನಲ್ಲಿ ಹತ್ತಿಯನ್ನು ಅದ್ದಿ, ಹಿಂಡಿ, ಮುಚ್ಚಿದ ರೆಪ್ಪೆಯ ಮೇಲೆ ಒಂದು ನಿಮಿಷ ಸುಮ್ಮನೆ ಇಡಿ. ಗಟ್ಟಿಯಾದ ಗೀಜು ನೆನೆದು ಮೆತ್ತಗಾಗುತ್ತದೆ. ಆಮೇಲೆ ಮೂಗಿನ ಕಡೆಯಿಂದ ಕಿವಿಯ ಕಡೆಗೆ ಒಂದೇ ಸಲ ಒರೆಸಿ, ಆ ಹತ್ತಿಯನ್ನು ಎಸೆಯಿರಿ. ಮತ್ತೆ ಒರೆಸಬೇಕಾದರೆ ಹೊಸ ಹತ್ತಿ, ಇನ್ನೊಂದು ಕಣ್ಣಿಗೂ ಹೊಸ ಹತ್ತಿ. ಉರಿ ಇದ್ದರೆ ತಣ್ಣೀರಿನಲ್ಲಿ ಹಿಂಡಿದ ಬಟ್ಟೆ ಇಟ್ಟರೆ ಹಿತವಾಗುತ್ತದೆ. ಊರಿನಿಂದ ಫೋನಿನಲ್ಲಿ ಬರುವ ಸಲಹೆಗಳು, ಅಂದರೆ ಎದೆಹಾಲು, ಜೇನು, ಹರಳೆಣ್ಣೆ, ಇವು ಯಾವುವೂ ಬೇಡ. ಅತ್ತೆಯವರು ಬೇಸರ ಮಾಡಿಕೊಂಡರೆ ನರ್ಸಮ್ಮ ಬೇಡವೆಂದರು ಎನ್ನಿ.

ವೈದ್ಯರು ಡ್ರಾಪ್ಸ್ ಕೊಟ್ಟಿದ್ದರೆ ಹಾಕುವುದೇ ಒಂದು ಯುದ್ಧ. ಕಣ್ಣು ಬಿಗಿ ಹಿಡಿದ ಮಗುವಿನೊಂದಿಗೆ ಗುದ್ದಾಡಬೇಡಿ. ಅಂಗಾತ ಮಲಗಿಸಿ, ಕಣ್ಣು ಮುಚ್ಚಿಕೊಳ್ಳಲು ಹೇಳಿ, ಮೂಗಿನ ಪಕ್ಕದ ಮೂಲೆಯಲ್ಲಿ ಒಂದು ಹನಿ ಬಿಡಿ. ಆಮೇಲೆ ಕಣ್ಣು ಬಿಡಲು ಹೇಳಿದರೆ ಹನಿ ತಾನೇ ಒಳಗೆ ಇಳಿಯುತ್ತದೆ. ಬಾಟಲಿಯ ತುದಿ ರೆಪ್ಪೆಗೆ ತಾಗಬಾರದು. ಎರಡು ಬಗೆಯ ಔಷಧವಿದ್ದರೆ ನಡುವೆ ಐದು ನಿಮಿಷ ಬಿಡಿ. ಅಂಗಡಿಯವನು ತಾನಾಗಿ ಕೊಡುವ ಸ್ಟೀರಾಯ್ಡ್ ಡ್ರಾಪ್ಸನ್ನು ಮಾತ್ರ ಮುಟ್ಟಬೇಡಿ. ಕೆಂಪು ಬೇಗ ಇಳಿದಂತೆ ಕಾಣುತ್ತದೆ, ಆದರೆ ಒಳಗೆ ಹರ್ಪಿಸ್ ಎಂಬ ಬೇರೆ ವೈರಸ್ಸಿನ ಸೋಂಕಿದ್ದರೆ ಕಣ್ಣಿಗೇ ಅಪಾಯ.

ಈಗ ಟವೆಲ್. ಒಂದು ರೂಮ್, ಒಂದು ಕಿಚನ್ ಇರುವ ಮನೆಯಲ್ಲಿ ಮಗುವನ್ನು ಬೇರೆ ಇಡುವುದು ಆಗದ ಮಾತು, ಆದರೆ ಟವೆಲ್, ದಿಂಬು, ಕರವಸ್ತ್ರ ಬೇರೆ ಮಾಡಬಹುದು. ಮಗುವಿನ ಟವೆಲ್ಲಿಗೆ ಬೇರೆಯೇ ಮೊಳೆ ಹೊಡೆಯಿರಿ. ದಿಂಬಿನ ಕವರನ್ನು ದಿನಾ ಬದಲಿಸಿ, ಬಿಸಿನೀರಿನಲ್ಲಿ ಒಗೆಯಿರಿ. ಜುಲೈನಲ್ಲಿ ಇಲ್ಲಿ ಬಟ್ಟೆ ಒಣಗುವುದಿಲ್ಲ ಎಂಬುದು ನನಗೂ ಗೊತ್ತು. ಹಳೆಯ ಪಂಚೆಯನ್ನು ಹರಿದು ತುಂಡು ಮಾಡಿಟ್ಟುಕೊಂಡರೆ ಫ್ಯಾನಿನ ಕೆಳಗೆ ಬೇಗ ಒಣಗುತ್ತದೆ. ಕಣ್ಣು ಮುಟ್ಟಿದ ಪ್ರತಿ ಸಲವೂ ಇಪ್ಪತ್ತು ಸೆಕೆಂಡ್ ಸೋಪು ಹಚ್ಚಿ ಕೈ ತೊಳೆಯಬೇಕು, ಮಗುವೂ ನೀವೂ. ಇಂಥ ಕೆಂಗಣ್ಣನ್ನು ಹೆಚ್ಚಾಗಿ ತರುವ ಅಡಿನೋವೈರಸ್ಸಿನ ಮುಂದೆ ಸ್ಯಾನಿಟೈಸರನ್ನು ನೆಚ್ಚಿಕೊಳ್ಳುವಂತಿಲ್ಲ. ಈ ವೈರಸ್ ಬಾಗಿಲ ಹಿಡಿ, ರಿಮೋಟ್, ಮೊಬೈಲ್‌ಗಳ ಮೇಲೆ ದಿನಗಟ್ಟಲೆ ಉಳಿಯುತ್ತದೆ. ಕಪ್ಪು ಕನ್ನಡಕ ಹಾಕಿಸಿದರೆ ಬೆಳಕು ಚುಚ್ಚುವುದು ತಗ್ಗುತ್ತದೆ, ಸೋಂಕು ತಡೆಯುವುದಿಲ್ಲ. ಕೆಂಗಣ್ಣನ್ನು ದಿಟ್ಟಿಸಿ ನೋಡಿದರೆ ಅಂಟುತ್ತದೆ ಎಂಬುದೂ ಸುಳ್ಳು.

ಶಾಲೆಗೆ ಯಾವಾಗ? ನೀರು, ಗೀಜು ನಿಂತ ಮೇಲೆ. ಪರೀಕ್ಷೆ ಇದೆಯೆಂದು ಮಗುವನ್ನು ಕಿಕ್ಕಿರಿದ ವ್ಯಾನಿನಲ್ಲಿ ತುರುಕಿ ಕಳುಹಿಸುವವರ ಮೇಲೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ. ತರಗತಿ ಶಿಕ್ಷಕಿಗೆ ಒಂದು ಫೋನ್ ಮಾಡಿದರೆ ಮುಗಿಯಿತು.

ಕಣ್ಣಿನೊಳಗೆ ತೀವ್ರ ನೋವು, ರೆಪ್ಪೆ ಬಡಿದರೂ ಹೋಗದ ಮಂಜು, ಬೆಳಕು ನೋಡಲಾಗದಿರುವುದು, ರೆಪ್ಪೆಯ ಸುತ್ತ ಊದಿ ಜ್ವರ, ಕಣ್ಣಿಗೆ ಪೆಟ್ಟು: ಇವುಗಳಲ್ಲಿ ಒಂದಿದ್ದರೂ ಅದೇ ದಿನ ಕಣ್ಣಿನ ವೈದ್ಯರ ಬಳಿ ಹೋಗಿ. ಮನೆಯಲ್ಲಿರುವ ಎಳೆಗೂಸಿನ ಕಣ್ಣು ಕೆಂಪಾದರಂತೂ ಗಂಟೆಯೂ ಕಾಯಬೇಡಿ.

ಗುಣವಾದ ಮೇಲೆ ಉಳಿದ ಡ್ರಾಪ್ಸ್ ಬಾಟಲಿಯನ್ನು ತಂಗಿಗೆ ಬೇಕಾದೀತು ಎಂದು ಫ್ರಿಜ್ಜಿನಲ್ಲಿ ಇಡಬೇಡಿ, ಎಸೆಯಿರಿ. ಅದೇ ಕಣ್ಣಿಗೆ ಹಚ್ಚಿದ ಕಾಡಿಗೆಯ ಡಬ್ಬಿಯೂ ಜೊತೆಗೇ ಹೋಗಲಿ.