ಟೂರ್ನಿಕೆಟ್ ಕಟ್ಟೋ ಮೊದಲು ಬಣ್ಣ ಹೇಳು

ಹೊಸ ನರ್ಸ್ ಹುಡುಗಿಯರ ಮುಂದೆ ಐವಿ ಟ್ರೇ ಇಟ್ಟು ನೋಡಿ, ಕೈ ಹೋಗೋದು ನೀಲಿ ಕ್ಯಾನುಲಾಗೇ. ಕ್ಯಾನುಲಾ ಅಂದ್ರೆ ಡ್ರಿಪ್ ಹಾಕೋಕೆ ನರದೊಳಗೆ, ಅಂದ್ರೆ ರಕ್ತನಾಳದೊಳಗೆ, ಸೂಜಿ ಜೊತೆ ಬಿಡೋ ಪ್ಲಾಸ್ಟಿಕ್ ಕೊಳವೆ. ಬಣ್ಣ ಅದರ ಅಳತೆ ಹೇಳುತ್ತೆ, ನಂಬರ್ ಹೆಚ್ಚಾದಷ್ಟೂ ಕೊಳವೆ ಸಣ್ಣ: ನೀಲಿ 22, ಹಸಿರು 18. ಹೊಟ್ಟೆನೋವಿಗೂ 22, ಆ್ಯಕ್ಸಿಡೆಂಟಿಗೂ 22, ಹೆರಿಗೆಗೂ 22. ಸಣ್ಣದು, ಹೇಗೋ ಒಳಗೆ ಹೋಗುತ್ತೆ ಅನ್ನೋ ಧೈರ್ಯ. ಹೆರಿಗೆಯಾದವಳಿಗೆ ಬ್ಲೀಡಿಂಗ್ ಶುರುವಾಗಿ ಡಾಕ್ಟರ್ ಕೂಗಿದಾಗ ಹಸಿರು ಹುಡುಕಿಕೊಂಡು ಓಡಾಟ. ಇನ್ನು ಕೆಲವರದು ಉಲ್ಟಾ. ದಿನಕ್ಕೆರಡು ಆ್ಯಂಟಿಬಯಾಟಿಕ್ ಬಿಟ್ಟರೆ ಬೇರೇನೂ ಇಲ್ಲದ ಅಜ್ಜಿಯ ಕಾಗದದಂಥ ಚರ್ಮಕ್ಕೆ 18 ಹಾಕಲು ಹೊರಡುತ್ತಾರೆ.

ನಾನು ವಾರ್ಡಿಗೆ ಬಂದು 19 ವರ್ಷ. ನಮ್ಮದು ತಾಲ್ಲೂಕು ಊರಿನ ಸುಮಾರು 120 ಹಾಸಿಗೆಯ ಆಸ್ಪತ್ರೆ. ವರ್ಷಕ್ಕೆ 10-12 ಮಂದಿ ಜಿಎನ್‌ಎಂ ನರ್ಸಿಂಗ್ ಕೋರ್ಸ್ ಮುಗಿಸಿ ಬರುತ್ತಾರೆ, ತಿದ್ದೋ ಕೆಲಸ ನನ್ನ ತಲೆಗೆ. "ಚುಚ್ಚಿ ಚುಚ್ಚಿ ತಾನೇ ಬರುತ್ತೆ ಬಿಡಿ ಸಿಸ್ಟರ್" ಅಂತ ಎಲ್ಲರದೂ ಒಂದೇ ಮಾತು. ಚುಚ್ಚಿಸಿಕೊಳ್ಳೋರು ಯಾರು ಅಂತ ಯಾರೂ ಕೇಳಲಿಲ್ಲ. ಒಂದು ವರ್ಷ ನೋಟ್‌ಬುಕ್ಕಲ್ಲಿ ಲೆಕ್ಕ ಇಟ್ಟೆ. ಮೊದಲ ತಿಂಗಳು ಒಂದು ಲೈನ್ ನಿಲ್ಲೋಕೆ ಒಬ್ಬೊಬ್ಬರು ಮೂರು ಕ್ಯಾನುಲಾ ಹಾಳು ಮಾಡುತ್ತಿದ್ದರು. ನಮ್ಮ ಸ್ಟೋರಿಗೆ ಒಂದಕ್ಕೆ ಹೆಚ್ಚುಕಮ್ಮಿ 30 ರೂಪಾಯಿ, ಮೇಲೆ ಅಂಟಿಸೋ ಡೈನಾಪ್ಲಾಸ್ಟು, ಸಿರಿಂಜು. ದುಡ್ಡಾದರೂ ಹೋಗಲಿ, ಪೇಶೆಂಟ್ ಕಡೆಯವರ ಬೈಗುಳ ಕೇಳೋಳು ನಾನು.

ಪ್ರಾಕ್ಟೀಸಿಗೆ ಒಂದು ಸಿಲಿಕೋನ್ ಕೈ ಕೊಡಿಸಿ ಅಂದೆ. 40 ಸಾವಿರದ ಮೇಲೆ ಕೊಟೇಶನ್ ಬಂತು. ಆ ಹಾಳೆ ನನಗೇ ವಾಪಸ್ ಬಂತು, ಸಹಿ ಇಲ್ಲದೆ.

ಸರಿ, ನಾನೇ ಮಾಡೋಣ ಅಂತ ಕೂತೆ. ಹಳೇ ಡ್ರಿಪ್ ಸೆಟ್ಟಿನ ಟ್ಯೂಬನ್ನ ಸ್ಪಂಜಿನಲ್ಲಿ ಹುದುಗಿಸಿದೆ. ಗೋಡೆ ಗಟ್ಟಿ, ಸೂಜಿ ಜಾರುತ್ತೆ. ರಕ್ತಕ್ಕೆ ಕುಂಕುಮದ ನೀರು ಹಾಕಿದೆ, ಪುಡಿ ಕೆಳಗೆ ಕೂತು ಸೂಜಿ ಕಟ್ಟಿಕೊಂಡಿತು. ಬೀಟ್ರೂಟ್ ರಸಕ್ಕೆ ಮರುದಿನವೇ ಇರುವೆ ಸಾಲು, ಮೂರನೇ ದಿನ ನಾತ. ಕೊನೆಗೆ ಜಾಂಗೀರಿಗೆ ಹಾಕೋ ಬಣ್ಣ, ಹತ್ತು ರೂಪಾಯಿ ಪೊಟ್ಟಣ, ಅದೇ ಖಾಯಂ ಆಯ್ತು. ನರಕ್ಕೆ ಜಾತ್ರೇಲಿ ನಾಯಿ, ಕತ್ತಿ ಮಾಡಿಕೊಡ್ತಾರಲ್ಲ, ಆ ಉದ್ದ ಬಲೂನು. ಮೇಲೆ ಕೋಳಿ ಚರ್ಮ ಹೊದಿಸಿದ್ದೆ, ಒಳ್ಳೇ ಫೀಲ್ ಬಂತು. ಆದರೆ ಇನ್‌ಫೆಕ್ಷನ್ ಕಂಟ್ರೋಲ್ ಸಿಸ್ಟರ್ ಸುಮ್ಮನಿರುತ್ತಾರಾ, ಅವತ್ತೇ ಎತ್ತಿಸಿದರು. ಇಬ್ಬರು ಹುಡುಗಿಯರಂತೂ ಮುಟ್ಟಲೂ ಇಲ್ಲ. ಈಗ ಹೊದಿಸೋದು ಬೇರೆ, ಅಡುಗೆಮನೆಯಲ್ಲೇ ಸಿಗುತ್ತೆ. ಏನು ಅಂತ ಇಲ್ಲಿ ಬರೆಯಲ್ಲ, ಬಂದು ಕೇಳಿದವರಿಗೆ ತೋರಿಸ್ತೀನಿ. ಎಲ್ಲ ಸೇರಿ ಖರ್ಚು 700 ದಾಟಿಲ್ಲ.

ಕ್ಯಾನುಲಾ ಪುಕ್ಕಟೆ, ಸ್ಟೋರಲ್ಲಿ ಡೇಟ್ ಮುಗಿದವು. ಇಲ್ಲೇ ನಾನು ಎಡವಿದ್ದು. ಮೊದಲ ಬ್ಯಾಚಲ್ಲಿ ಅವನ್ನ ಬರೀ ಒಂದು ಕಿಡ್ನಿ ಟ್ರೇನಲ್ಲಿಟ್ಟಿದ್ದೆ. ನೈಟ್ ಡ್ಯೂಟಿಯವಳು ಪ್ಯಾಕ್ ಒಡೆಯದ ಎರಡನ್ನ ಒಳ್ಳೇವು ಅಂದುಕೊಂಡು ಎಮರ್ಜೆನ್ಸಿ ಟ್ರಾಲಿಗೆ ಸೇರಿಸಿದ್ದಳು. ಬೆಳಿಗ್ಗೆ ಟ್ರಾಲಿ ಚೆಕ್ ಮಾಡುವಾಗ ಕಣ್ಣಿಗೆ ಬಿದ್ದವು, ಯಾರಿಗೂ ಹಾಕಿರಲಿಲ್ಲ. ನನ್ನ ಕೈಕಾಲು ತಣ್ಣಗಾಗಿತ್ತು. ಅವತ್ತಿಂದ ಸ್ಟೋರಿಂದ ತಂದ ಕೂಡಲೇ ಎಲ್ಲ ಪ್ಯಾಕೂ ಒಡೆದು, ಬೀಗ ಇರೋ ಡಬ್ಬಿಗೆ. ಬಳಸಿದ ಸ್ಟೈಲೆಟ್ಟು, ಅಂದ್ರೆ ಕ್ಯಾನುಲಾದ ಒಳಗಿನ ಸ್ಟೀಲ್ ಸೂಜಿ, ಅಲ್ಲೇ ಚೂಪಾದವನ್ನ ಹಾಕೋ ಬಿಳಿ ಶಾರ್ಪ್ಸ್ ಡಬ್ಬಕ್ಕೆ.

ಇನ್ನು ಕಲಿಸೋದು. ಹೊಸಬರು ಎಲ್ಲಿ ತಪ್ಪುತ್ತಾರೆ ಗೊತ್ತಲ್ಲ. ಫ್ಲ್ಯಾಶ್, ಅಂದ್ರೆ ಸೂಜಿಯ ಹಿಂಬದಿಗೆ ರಕ್ತ ಬಂದದ್ದು, ಕಂಡ ತಕ್ಷಣ ಖುಷಿಯಾಗಿ ಸೂಜಿ ಹಿಂದಕ್ಕೆಳೆದುಬಿಡುತ್ತಾರೆ, ಲೈನ್ ಔಟ್. ಬಾಯಲ್ಲಿ ಸಾವಿರ ಸಲ ಹೇಳಿದ್ದೆ. ಒಂದು ಮಧ್ಯಾಹ್ನ ಎಳನೀರು ಕುಡೀತಾ ಇದ್ದಾಗ ಹೊಳೀತು. ಆ ಪಾರದರ್ಶಕ ಸ್ಟ್ರಾ ಒರೆಸಿ, ಪಿಂಕ್ 20 ತಗೊಂಡು ಓರೆಯಾಗಿ ಚುಚ್ಚಿ ಕಿಟಕಿ ಬೆಳಕಿಗೆ ಹಿಡಿದೆ. ಸ್ಟೀಲಿನ ಮೊನೆ ಒಳಗಿದೆ, ಪ್ಲಾಸ್ಟಿಕ್ಕಿನ ಅಂಚು ಇನ್ನೂ ಗೋಡೆಯ ಹೊರಗೇ ನಿಂತಿದೆ. "ಈಗ ಫ್ಲ್ಯಾಶ್ ಬಂತು ಅಂದ್ಕೋ. ಎಳೆದರೆ?" ಅಂದೆ. ಅಷ್ಟು ಹೊತ್ತು ಆಕಳಿಸುತ್ತಿದ್ದ ಹುಡುಗಿ ಹತ್ತಿರ ಬಗ್ಗಿದಳು. "ಅಯ್ಯೋ ಸಿಸ್ಟರ್, ನರದೊಳಗೆ ಏನೂ ಹೋಗೇ ಇಲ್ಲ!" ಮೊನೆ ತಗ್ಗಿಸಿ ಎರಡು-ಮೂರು ಮಿಲಿಮೀಟರ್ ಮುಂದೆ, ಆಮೇಲೆ ಪ್ಲಾಸ್ಟಿಕ್ ಜಾರಿಸು ಅಂತ ಅವಳಿಗೆ ಮತ್ತೆ ಹೇಳಬೇಕಾಗಲಿಲ್ಲ.

ಬಣ್ಣ ಆರಿಸೋಕೆ ನನ್ನದೊಂದೇ ಹಟ. ತೋಳಿಗೆ ಬಿಗಿಯೋ ಪಟ್ಟಿ, ಟೂರ್ನಿಕೆಟ್, ಕೈಗೆ ತಗೊಳ್ಳೋ ಮೊದಲು ಗಟ್ಟಿಯಾಗಿ ಹೇಳಬೇಕು: ಏನು ಹೋಗುತ್ತೆ, ಎಷ್ಟು ದಿನ, ಯಾವ ನರ. ಆಮೇಲೆ ಬಣ್ಣ. ಕೇಸ್ ಶೀಟ್ ನೋಡದೆ ಬಣ್ಣ ಹೇಳಿದವಳು ಟ್ರೇ ವಾಪಸ್ ಇಡಬೇಕು. ಡಯಾಲಿಸಿಸ್‌ಗೆ ಅಂತ ಆಪರೇಷನ್ ಮಾಡಿ ನರ ಜೋಡಿಸಿದ ಫಿಸ್ಟುಲಾ ಇರೋ ಕೈಗೆ ಕಟ್ಟೋಕೆ ಹೋದವಳನ್ನ ತಡೆದದ್ದೂ ಈ ಮೂರನೇ ಪ್ರಶ್ನೆಯೇ.

ನಡುವೆ ಒಂದು ತಮಾಷೆ. ಡೇಟ್ ಮುಗಿದ ಎರಡು ಸಲೈನ್ ಬಾಟಲಿಗಳನ್ನ ಒಂದೇ ಎತ್ತರಕ್ಕೆ ತೂಗುಹಾಕಿ, ಒಂದಕ್ಕೆ ಹಸಿರು, ಇನ್ನೊಂದಕ್ಕೆ ನೀಲಿ, ಕೆಳಗೆ ಬಕೆಟ್ಟು. ಪ್ಯಾಕ್ ಮೇಲೆ 18ಕ್ಕೆ ನಿಮಿಷಕ್ಕೆ 90 ಎಂ.ಎಲ್. ಆಸುಪಾಸು, 22ಕ್ಕೆ 36 ಇರುತ್ತೆ. ಡ್ರಿಪ್ ಸೆಟ್ ಹಾಕಿದ ಮೇಲೆ ಅಷ್ಟು ಬರಲಿಲ್ಲ, ಆದರೂ ಹಸಿರು ಖಾಲಿಯಾದಾಗ ನೀಲಿ ಬಾಟಲಿ ಹತ್ತಿರ ಹತ್ತಿರ ಅರ್ಧ ಉಳಿದಿತ್ತು. ಸೋತವರು ಟೀ ಕೊಡಿಸಿದರು. ಈ ಪಂದ್ಯ ನೋಡಿದವರು ಲೇಬರ್ ವಾರ್ಡಿಗೆ ನೀಲಿ ಎತ್ತಿದ್ದು ನಾನು ಕಾಣೆ.

ಬೆರಳು ಪಳಗಿಸೋಕೆ ಹೂ ಕಟ್ಟೋ ಬಾಳೆನಾರು. ನೆನೆಸಿದ ಒಂದೆಳೆಯನ್ನ ಹಾಳೆ ಕೆಳಗಿಟ್ಟು, ಕಣ್ಣು ಮುಚ್ಚಿ ಹುಡುಕು ಅನ್ನೋದು. ಸಿಕ್ಕರೆ ಇನ್ನೊಂದು ಹಾಳೆ. ನನ್ನ ದಾಖಲೆ 11 ಹಾಳೆ, ಇನ್ನೂ ಯಾರೂ ಮುರಿದಿಲ್ಲ.

ಎರಡು ವಾರ ಮಾದರಿ ಮೇಲೆ, ಒಬ್ಬೊಬ್ಬರಿಗೆ 40 ಸಲವಾದರೂ. ಆಮೇಲೆ ನನ್ನ ಪಕ್ಕದಲ್ಲಿ ಪೇಶೆಂಟ್. ಎರಡು ಸಲ ತಪ್ಪಿದರೆ ಕೈ ಬಿಡಬೇಕು, ಮೂರನೇದು ಬೇರೆಯವರದು. ಈಗಿನ ಬ್ಯಾಚಿನವರು ಮೊದಲ ತಿಂಗಳಲ್ಲಿ ಒಂದು ಲೈನಿಗೆ ಒಂದೂವರೆ ಕ್ಯಾನುಲಾ ಲೆಕ್ಕಕ್ಕೆ ಬಂದಿದ್ದಾರೆ. ಬಲೂನು ನೋಡಿ "ಬರ್ತ್‌ಡೇ ಪಾರ್ಟಿನಾ ಸಿಸ್ಟರ್?" ಅಂತ ನಕ್ಕಿದ್ದ ಡಾಕ್ಟರು ಮೊನ್ನೆ ತಮ್ಮ ಇಂಟರ್ನಿಗಳನ್ನ ನನ್ನ ಹತ್ತಿರ ಕಳಿಸಿದರು. ನಾನೇನೂ ಅನ್ನಲಿಲ್ಲ, ಬಲೂನು ಮಾತ್ರ ಅವರ ಖರ್ಚಲ್ಲೇ ತರಿಸಿದೆ.

ಮಕ್ಕಳ ಕೈಯ ಮಾದರಿ ಇನ್ನೂ ಆಗಿಲ್ಲ. ಹಳದಿ 24ಕ್ಕೆ ಈ ಬಲೂನು ತೀರಾ ದಪ್ಪ. ಗ್ಲೌಸಿನ ಕಿರುಬೆರಳು ಕತ್ತರಿಸಿ ಅಂಟಿಸಿದ್ದೆ, ಸೋರಿತು. ಈ ವಾರ ಮಗಳ ಹಳೇ ವಾಟರ್ ಬಲೂನ್ ಪ್ಯಾಕೆಟ್ ಸಿಕ್ಕಿದೆ, ಭಾನುವಾರ ನೋಡಬೇಕು.